ಸತ್ತ ಕೇಬಲ್ ಕಂಬದಿಂದ ಯಾಕೆ ಇಳಿಯುವುದಿಲ್ಲ?

ಕಂಬಕ್ಕೆ ಏಣಿ ಹಾಕಿ ಕೆಲಸ ಮಾಡುವಾಗ ದಾರಿಯಲ್ಲಿ ಹೋಗುವವರು ಒಬ್ಬರಾದರೂ ನಿಂತು ಕೇಳುತ್ತಾರೆ: "ಇಷ್ಟೊಂದು ವೈರ್ ನೇತಾಡ್ತಿದೆಯಲ್ಲ, ಬೇಡದ್ದನ್ನ ಕತ್ತರಿಸಿ ಬಿಸಾಕಬಾರದಾ?" ಕೇಳುವುದು ನ್ಯಾಯವೇ. ಆದರೆ ಆ ಸಿಕ್ಕಿನೊಳಗೆ ಬೇಡದ್ದು ಯಾವುದು ಅಂತ ಹೇಳುವುದೇ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ.

ಕಂಬದ ತುದಿಯಲ್ಲಿ ಕರೆಂಟಿನ ತಂತಿಗಳಿರುತ್ತವೆ. ಅದರ ಕೆಳಗೆ ಒಂದಷ್ಟು ಜಾಗ ಖಾಲಿ ಬಿಡುತ್ತಾರೆ. ಕೆಳಗೆ ಕೈಯಾಡಿಸುವ ನಮ್ಮಂಥವರ ಜೀವ ಕಾಯುವ ಜಾಗ ಅದು. ಅದರ ಕೆಳಗೆ ಟೆಲಿಫೋನ್, ಕೇಬಲ್ ಟಿವಿ, ಇಂಟರ್ನೆಟ್ ಫೈಬರ್. ನಿಮ್ಮ ಕಣ್ಣಿಗೆ ಗೋಜಲಾಗಿ ಕಾಣುವುದು ಹೆಚ್ಚಾಗಿ ಈ ಕೆಳಗಿನ ಪಾಲು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಕೇಬಲ್ ಕತ್ತರಿಸಿದ್ದೆ. ಮೈತುಂಬ ಧೂಳು, ಹೊರಗಿನ ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಟ್ಯಾಗ್ ಇರಲಿಲ್ಲ. ಮುಂದಿನ ಕಂಬದಲ್ಲಿ ಅದರ ತುದಿ ಸುಮ್ನೆ ಜೋತು ಬಿದ್ದಿತ್ತು. ಸತ್ತಿದೆ ಅಂತ ಖಾತ್ರಿಯಾಯಿತು, ಕತ್ತರಿಸಿದೆ. ಹತ್ತು ನಿಮಿಷಕ್ಕೆಲ್ಲ ಫೋನ್ ಹೊಡೆದುಕೊಳ್ಳತೊಡಗಿತು. ಎರಡು ಕಂಬಗಳ ನಡುವೆ ಒಂದೇ ಥರದ ಎರಡು ಕಪ್ಪು ಕೇಬಲ್ ಒಂದಕ್ಕೊಂದು ಸುತ್ತಿಕೊಂಡಿದ್ದವು. ಜೋತು ಬಿದ್ದ ತುದಿ ಒಂದರದ್ದು, ನಾನು ಕತ್ತರಿಸಿದ್ದು ಇನ್ನೊಂದನ್ನು. ಒಳಗೆ 24 ಫೈಬರ್ ಇದ್ದವು. ಎಳೆದು ಸೇರಿಸಲು ಕೇಬಲ್ ಸಾಲದೆ ನಡುವೆ ಹೊಸ ತುಂಡು ಹಾಕಬೇಕಾಯಿತು. ಅಂದರೆ ಎರಡು ಕಡೆ ಜಾಯಿಂಟ್, ಒಟ್ಟು 48. ಒಂದೊಂದು ಗಾಜಿನ ಎಳೆಯೂ 0.125 ಮಿಲಿಮೀಟರ್ ದಪ್ಪ. ಸಿಪ್ಪೆ ಬಿಡಿಸಿ, ಒರೆಸಿ, ತುದಿ ನೇರವಾಗಿ ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಮೆಷಿನ್‌ನಲ್ಲಿಟ್ಟು ಬೆಸೆಯಬೇಕು. ಮುಗಿದಾಗ ನಡುರಾತ್ರಿ ದಾಟಿತ್ತು. ಅಷ್ಟು ಹೊತ್ತು ಫೋನ್ ಸಿಗದೆ ಎಷ್ಟು ಮನೆಯವರು ಪರದಾಡಿದರೋ ಅಂತ ಇವತ್ತಿಗೂ ಮನಸ್ಸು ಚುರುಕ್ ಅನ್ನುತ್ತದೆ.

ಟೆಸ್ಟ್ ಮಾಡಿ ನೋಡಬಹುದಲ್ವಾ ಅಂತೀರಿ. ತಾಮ್ರದ ಟೆಲಿಫೋನ್ ವೈರ್ ಆದರೆ ಒಂದು ತುದಿಯಿಂದ ಟೋನ್ ಕಳಿಸಿ ಇನ್ನೊಂದು ಕಡೆ ಕೇಳಬಹುದು. ಫೈಬರ್‌ನೊಳಗೆ ಹರಿಯುವುದು ಬೆಳಕು, ಅದೂ ಕಣ್ಣಿಗೆ ಕಾಣದ ಬೆಳಕು. ಫೈಬರ್ ಎಳೆಯನ್ನು ಸ್ವಲ್ಪ ಬಗ್ಗಿಸಿ, ಸೋರುವ ಬೆಳಕನ್ನು ಹಿಡಿಯುವ ಉಪಕರಣವಿದೆ. ಆದರೆ ಹೊರಗಿನ ದಪ್ಪ ಕವಚದ ಮೇಲಿಂದ ಅದು ನಡೆಯುವುದಿಲ್ಲ. ಕೇಬಲ್ ಸೀಳಬೇಕು, ಇಲ್ಲವೇ ಜಾಯಿಂಟ್ ಬಾಕ್ಸ್ ಬಿಚ್ಚಬೇಕು. ಬಿಚ್ಚುವಾಗ ಪಕ್ಕದ ಎಳೆ ಮುರಿದರೆ ಇನ್ನೊಂದು ತಲೆನೋವು. ಅದೂ ಸಾಲದು. ಬೆಳಕಿಲ್ಲ ಅಂದ ಮಾತ್ರಕ್ಕೆ ಬೇಡದ್ದು ಅಂತ ಅಲ್ಲ. ಮುಖ್ಯ ಲೈನ್ ಕೆಟ್ಟಾಗ ಬಳಸಲು ಕೆಲವನ್ನು ಹಾಗೇ ಕಾದಿರಿಸಿರುತ್ತಾರೆ.

ಸರಿ, ಒಂದು ಕೇಬಲ್ ಸತ್ತಿದೆ ಅಂತ ಗೊತ್ತಾಯಿತು ಅನ್ನಿ. ಆಗಲೂ ಎಳೆದು ತೆಗೆಯುವ ಹಾಗಿಲ್ಲ. ಎಷ್ಟೋ ಕಡೆ ಹಳೆ ಕೇಬಲ್ ಹೊತ್ತ ಉಕ್ಕಿನ ತಂತಿಗೇ ಹೊಸದನ್ನು ಸುತ್ತಿ ಬಿಗಿದಿರುತ್ತಾರೆ, ಒಣಗಿದ ಬಳ್ಳಿಯ ಮೇಲೆ ಹಸಿ ಬಳ್ಳಿ ಹಬ್ಬಿದ ಹಾಗೆ. ಹಳೆಯದನ್ನು ಬಿಚ್ಚಿದರೆ ಹೊಸದೂ ಕೆಳಗೆ. ರಸ್ತೆ ತಿರುವಿನ ಕಂಬದಲ್ಲಿ ಇನ್ನೂ ಹುಷಾರಾಗಿರಬೇಕು. ಎರಡೂ ಕಡೆಯ ಎಳೆತಕ್ಕೆ ಹೊಂದಿಸಿ ಅದನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ. ಒಂದು ಕಡೆಯದನ್ನು ಬಿಟ್ಟರೆ ಇನ್ನೊಂದು ಕಡೆಗೆ ವಾಲಬಹುದು.

ಮನೆಗಳಿಗೆ ಹೋಗುವ ತೆಳು ವೈರ್‌ಗಳದ್ದು ಬೇರೆಯೇ ಕಥೆ. ಅಲ್ಲಿ ತಾಂತ್ರಿಕ ತೊಡಕೇನೂ ಇಲ್ಲ. ಗ್ರಾಹಕರು ಕನೆಕ್ಷನ್ ಬೇಡ ಅಂದಾಗ ಹುಡುಗ ಬಂದು ಬಾಕ್ಸ್‌ನಲ್ಲಿ ಪಿನ್ ಕಿತ್ತು ಹೋಗುತ್ತಾನೆ. ಅಲ್ಲಿಗೆ ಅವನ ಕೆಲಸದ ಚೀಟಿ ಮುಗಿಯಿತು. ವೈರ್ ಇಳಿಸು ಅಂತ ಅದರಲ್ಲಿ ಬರೆದೇ ಇರುವುದಿಲ್ಲ. ಆಮೇಲೆ ಬೇರೆ ಕಂಪನಿಯವರು ಬಂದು ತಮ್ಮದೊಂದು ವೈರ್ ಎಳೆಯುತ್ತಾರೆ. ಹಳೆಯದು ಇನ್ನೊಬ್ಬರ ಆಸ್ತಿ, ಮುಟ್ಟಿದರೆ ಜಗಳ. ಊರ ಉಸಾಬರಿ ನಮಗ್ಯಾಕೆ ಅಂತ ಬಿಡುತ್ತಾರೆ. ಗುತ್ತಿಗೆದಾರರಿಗೂ ಸಾಮಾನ್ಯವಾಗಿ ಎಳೆದ ಮೀಟರ್‌ಗೆ ದುಡ್ಡು, ಇಳಿಸಿದ ಮೀಟರ್‌ಗೆ ಇಲ್ಲ. ತಾಮ್ರವಾದರೆ ಗುಜರಿಗಾದರೂ ಹಾಕಬಹುದು. ಫೈಬರ್ ಅಂದರೆ ಗಾಜು, ಪ್ಲಾಸ್ಟಿಕ್. ಅದನ್ನು ಯಾರು ಕೊಳ್ಳುತ್ತಾರೆ? ಕಂಪನಿ ಕೈ ಬದಲಾಗಿ ಹಳೆ ನಕ್ಷೆ ಕಳೆದುಹೋದರಂತೂ ಆ ವೈರ್‌ಗೆ ಹೇಳುವವರು ಕೇಳುವವರು ಇಲ್ಲ.

ಇದು ಹೊಸ ರೋಗವೇನಲ್ಲ. ಸ್ಟಾಕ್‌ಹೋಮ್‌ನಲ್ಲಿ 1887ರಲ್ಲಿ ಟೆಲಿಫೋನ್ ತಂತಿಗಳಿಗೆಂದೇ ಒಂದು ದೊಡ್ಡ ಗೋಪುರ ಕಟ್ಟಿದ್ದರು. ಮನೆಗಳ ಮೇಲಿಂದ ಸುಮಾರು 5,000 ತಂತಿಗಳು ಬಂದು ಅಲ್ಲಿ ಸೇರುತ್ತಿದ್ದವು. 1913ರ ಹೊತ್ತಿಗೆ ತಂತಿಗಳು ನೆಲದಡಿ ಹೋದವು. ಗೋಪುರ ಮಾತ್ರ ಅಲ್ಲೇ ಉಳಿಯಿತು. 1952ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಮರುವರ್ಷ ಕೆಡವಿದರು. ಕೆಲಸ ಮುಗಿದ ಮೇಲೂ ಸುಮಾರು 40 ವರ್ಷ ನಿಂತಿತ್ತು!

ಅಂದ ಹಾಗೆ, ಕಂಬದ ಮೇಲೆ ದುಂಡಗೆ ಸುತ್ತಿ ಬಿಗಿಯಾಗಿ ಕಟ್ಟಿದ ಸುರುಳಿ ಕಂಡರೆ ಅದು ಕಸ ಅಂದುಕೊಳ್ಳಬೇಡಿ. ಮುಂದೆ ರಿಪೇರಿಗೆ ಬೇಕಾಗುತ್ತದೆ ಅಂತ ಬೇಕೆಂದೇ ಬಿಟ್ಟಿರುವುದು. ಆವತ್ತು ನನಗೆ ಅಂಥದ್ದೊಂದು ಸುರುಳಿ ಸಿಕ್ಕಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಕೈಗೆಟುಕುವ ಹಾಗೆ ತುದಿ ಜೋತು ಬಿದ್ದಿದ್ದರೆ ಮಾತ್ರ ದಯವಿಟ್ಟು ಮುಟ್ಟಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ. ಸತ್ತ ಕೇಬಲ್‌ನಲ್ಲೂ ಉಕ್ಕಿನ ತಂತಿ ಇರಬಹುದು. ಅದು ಮೇಲೆಲ್ಲೋ ಕರೆಂಟಿನ ತಂತಿಗೆ ತಾಗಿದ್ದರೆ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ.

ಈಗ ನಮ್ಮ ತಂಡದಲ್ಲಿ ಎರಡು ಕಟ್ಟುನಿಟ್ಟು ಮಾಡಿದ್ದೇನೆ. ಕನೆಕ್ಷನ್ ತೆಗೆಯುವ ಚೀಟಿ ಮುಗಿಯಬೇಕಾದರೆ ಇಳಿಸಿದ ವೈರ್‌ನ ಫೋಟೊ ಬರಬೇಕು. ಹೊಸ ಕೇಬಲ್ ಎಳೆದರೆ ಪ್ರತಿ ಕಂಬದಲ್ಲೂ ಟ್ಯಾಗ್ ಕಟ್ಟಬೇಕು: ಯಾರದ್ದು, ಎಲ್ಲಿಂದ ಎಲ್ಲಿಗೆ, ಯಾವತ್ತು ಹಾಕಿದ್ದು. ಹುಡುಗರು ಮೊದಮೊದಲು ಗೊಣಗಿದರು. ಇತ್ತೀಚೆಗೆ ಒಂದು ಕಂಬದಲ್ಲಿ ಹಳೆಯ ಕಟ್ಟು ಬಿಡಿಸುವಾಗ ಒಳಗೊಂದು ಟ್ಯಾಗ್ ಸಿಕ್ಕಿತು. ಬಿಸಿಲಿಗೆ ಬಿಳಚಿಕೊಂಡಿತ್ತು, ಅಕ್ಷರ ಮಾತ್ರ ಓದಲು ಬರುತ್ತಿತ್ತು. ಅದರಲ್ಲಿದ್ದ ಎರಡೂ ತುದಿಗೆ ಹೋಗಿ ನೋಡಿದೆವು. ಎರಡೂ ಕಡೆ ಬಾಕ್ಸ್ ಖಾಲಿ. ಸಂಜೆಯೊಳಗೆ ಏಳು ಕಂಬದ ಕೇಬಲ್ ಇಳಿಸಿ ಗಾಡಿಗೆ ಹಾಕಿದೆವು. ಯಾರ ಮನೆಯ ಫೋನೂ ನಿಲ್ಲಲಿಲ್ಲ.