ಲೈಸೆನ್ಸ್ ಇಲ್ಲದ ಗಾಯಾಳುವಿಗೆ ಅಪಘಾತ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ಬೈಕಿನಲ್ಲಿ ಮನೆಗೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ಗುದ್ದಿ ನನ್ನ ಬಲಗಾಲು ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ನನ್ನ ಬಳಿ ಡಿಎಲ್ ಇರಲಿಲ್ಲ, ಹೆಲ್ಮೆಟ್ ಹಾಕಿರಲಿಲ್ಲ, ಬೈಕಿನ ಇನ್ಶುರೆನ್ಸ್ ಕೂಡ ಮುಗಿದಿತ್ತು. ಕೇಸು ಮಾಡಿದರೆ ನನ್ನ ಮೇಲೇ ತಿರುಗುತ್ತದೆ, ಕೊಟ್ಟಷ್ಟು ತೆಗೆದುಕೊಂಡು ರಾಜಿಯಾಗು ಎಂದು ಎಲ್ಲರೂ ಹೇಳುತ್ತಿದ್ದಾರೆ. ನನಗೆ ಪರಿಹಾರ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಊರು ಬದಲಾಗುತ್ತದೆ, ವಾಹನ ಬದಲಾಗುತ್ತದೆ, ಮುರಿದ ಮೂಳೆ ಬದಲಾಗುತ್ತದೆ, ಆದರೆ ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಇದೇ ಬರುತ್ತಿರುವುದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಅದಕ್ಕೂ ಮೊದಲು ಗಡುವಿನ ವಿಷಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕಲಂ 166(3)ರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಈ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ, ಅದನ್ನು ನಂಬಿಕೊಂಡು ಯಾರೂ ಸುಮ್ಮನೆ ಕೂರಬಾರದು.

ಈಗ ಆ ತಪ್ಪು ನಂಬಿಕೆಯ ಬಗ್ಗೆ. ಗಾಯಾಳುವಿನ ಕಾಗದಪತ್ರ ಸರಿಯಿಲ್ಲದಿದ್ದರೆ ಪರಿಹಾರವಿಲ್ಲ ಎನ್ನುವವರು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ತಿಳಿದಿದ್ದಾರೆ. ಲೈಸೆನ್ಸ್ ಇಲ್ಲದೆ ಓಡಿಸುವುದು ಕಲಂ 181ರಡಿ, ವಿಮೆಯಿಲ್ಲದ ವಾಹನ ಓಡಿಸುವುದು ಕಲಂ 196ರಡಿ, ಹೆಲ್ಮೆಟ್ ಧರಿಸದಿರುವುದು ಕಲಂ 194ಡಿ ಅಡಿ ಅಪರಾಧ. ಅದಕ್ಕೆ ದಂಡ ಬಿದ್ದರೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಿಮ್ಮ ಮತ್ತು ಸರ್ಕಾರದ ನಡುವಿನ ಲೆಕ್ಕ. ಕಲಂ 166ರಡಿ ಅರ್ಜಿ ಬಂದಾಗ ನ್ಯಾಯಮಂಡಳಿ ಕೇಳುವ ಪ್ರಶ್ನೆಯೇ ಬೇರೆ: ಈ ಅಪಘಾತ ಯಾರ ನಿರ್ಲಕ್ಷ್ಯದಿಂದ ಆಯಿತು? ನಿಮ್ಮ ಜೇಬಿನಲ್ಲಿ ಡಿಎಲ್ ಇದ್ದಿದ್ದರೆ ಹಿಂದಿನಿಂದ ಬಂದ ಕಾರು ಗುದ್ದದೆ ನಿಲ್ಲುತ್ತಿತ್ತೇ? ಇಲ್ಲ ಎಂದಾದರೆ, ಡಿಎಲ್ ಇಲ್ಲದ್ದು ಅಪಘಾತಕ್ಕೆ ಕಾರಣವಲ್ಲ.

ಇದು ನನ್ನ ಸ್ವಂತ ತರ್ಕವಲ್ಲ. ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ, ಲೈಸೆನ್ಸ್ ಇಲ್ಲದೆ ದ್ವಿಚಕ್ರ ವಾಹನ ಓಡಿಸುತ್ತಿದ್ದ ಹುಡುಗನಿಗೂ ಮಿನಿ ಟ್ರಕ್ಕಿಗೂ ಆದ ಅಪಘಾತವನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟು, ಲೈಸೆನ್ಸ್ ಇಲ್ಲದಿರುವುದು ಅಪರಾಧವೇ ಹೊರತು ಅದೊಂದರಿಂದಲೇ ಅಪಘಾತದಲ್ಲಿ ಅವನದೂ ಪಾಲಿದೆ ಎನ್ನಲಾಗದು ಎಂದು 2008ರಲ್ಲೇ ಹೇಳಿದೆ. 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಒಂದೇ ಬೈಕಿನಲ್ಲಿ ಮೂವರಿದ್ದರು, ಹಿಂದಿನಿಂದ ಕಾರು ಗುದ್ದಿತ್ತು. ಮೂವರು ಕೂತಿದ್ದರೆಂದು ಹೈಕೋರ್ಟು ಕಡಿತ ಮಾಡಿದ್ದ ಶೇ. 10ರಷ್ಟು ಪರಿಹಾರವನ್ನು ಸುಪ್ರೀಂ ಕೋರ್ಟು ಮರಳಿ ಕೊಡಿಸಿತು. ಮೂವರು ಕೂತದ್ದು ನಿಯಮದ ಉಲ್ಲಂಘನೆ ನಿಜ, ಆದರೆ ಆ ಉಲ್ಲಂಘನೆಗೂ ಅಪಘಾತಕ್ಕೂ, ಅಥವಾ ಆದ ಗಾಯದ ತೀವ್ರತೆಗೂ, ಸಂಬಂಧವಿದೆ ಎಂದು ಎದುರು ಪಕ್ಷ ಸಾಬೀತು ಮಾಡಬೇಕು ಎಂಬುದೇ ಆ ತೀರ್ಪಿನ ತಿರುಳು.

ಇದೇ ಅಳತೆಗೋಲನ್ನು ಹೆಲ್ಮೆಟ್ಟಿಗೂ ಹಿಡಿದು ನೋಡಿ. ನಿಮ್ಮ ಕಾಲು ಮುರಿದಿದೆ, ಹೆಲ್ಮೆಟ್ ಕಾಲನ್ನು ಕಾಯುವುದಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ ವಿಮಾ ಕಂಪನಿಯ ವಕೀಲರು ಆ ವಾದ ಎತ್ತುತ್ತಿದ್ದರು, ಸ್ವಲ್ಪ ಕಡಿತವೂ ಆಗಬಹುದಿತ್ತು. ಆದರೆ ಕಡಿತವೇ ಬೇರೆ, ಅರ್ಜಿ ವಜಾ ಆಗುವುದೇ ಬೇರೆ. ಇನ್ನು ನಿಮ್ಮ ಬೈಕಿನ ವಿಮೆ. ಥರ್ಡ್ ಪಾರ್ಟಿ ವಿಮೆ ಇರುವುದು ನಿಮ್ಮ ವಾಹನದಿಂದ ಬೇರೆಯವರಿಗೆ ಹಾನಿಯಾದಾಗ ಅವರಿಗೆ ಕೊಡಲು. ಇಲ್ಲಿ ಹಾನಿಯಾದದ್ದು ನಿಮಗೆ, ಆದ್ದರಿಂದ ನೋಡಬೇಕಾದದ್ದು ಕಾರಿನ ಪಾಲಿಸಿ. ಆ ಕಾರಿನ ಚಾಲಕನಿಗೇ ಲೈಸೆನ್ಸ್ ಇಲ್ಲದಿದ್ದರೂ, ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸುವ ಕ್ರಮ 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಗಟ್ಟಿಯಾಗಿದೆ. ನೀವು ರಾಂಗ್ ಸೈಡಿನಲ್ಲಿ ಬಂದಿದ್ದರೆ, ಸಿಗ್ನಲ್ ಹಾರಿಸಿದ್ದರೆ ಮಾತು ಬೇರೆ. ಅಲ್ಲಿ ನಿಮ್ಮ ತಪ್ಪಿನ ಪಾಲನ್ನು ಶೇಕಡಾವಾರು ಲೆಕ್ಕ ಹಾಕಿ ಅಷ್ಟನ್ನು ಕಳೆಯುತ್ತಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದು ಅದರಿಂದ ಇನ್ನೊಬ್ಬರಿಗೆ ಅನುಕೂಲವಿರುವುದರಿಂದ. "ನಿನಗೇ ಲೈಸೆನ್ಸ್ ಇಲ್ಲವಲ್ಲ" ಎಂಬ ಒಂದು ಮಾತಿನಿಂದ ಹೆದರಿಸಿ, ಆಸ್ಪತ್ರೆಯ ಬಿಲ್ಲಿನ ಒಂದು ಭಾಗವನ್ನು ಕೈಗಿಟ್ಟು, ಬಿಳಿ ಹಾಳೆಯ ಮೇಲೆ ರಾಜಿ ಬರೆಸಿಕೊಳ್ಳುವುದು ಬಹಳ ಸುಲಭ. ನಿಜವಾಗಿ ಕ್ಲೇಮು ಕೆಡಿಸುವುದು ಡಿಎಲ್ ಇಲ್ಲದ್ದಲ್ಲ, ಆ ಹೆದರಿಕೆಯಿಂದ ಆಡುವ ಸುಳ್ಳು. ಪೊಲೀಸ್ ರಗಳೆ ಬೇಡವೆಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ "ಬೈಕ್ ಸ್ಕಿಡ್ ಆಗಿ ಬಿದ್ದೆ" ಎಂದು ಬಿಡುತ್ತಾರೆ. ಡ್ಯೂಟಿ ಡಾಕ್ಟರು ಅದನ್ನೇ ಕೇಸ್ ಶೀಟಿನಲ್ಲಿ "ಸೆಲ್ಫ್ ಫಾಲ್" ಎಂದು ಬರೆಯುತ್ತಾರೆ, ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಮೆಡಿಕೋ ಲೀಗಲ್ ಕೇಸು) ಆಗುವುದಿಲ್ಲ. ತಿಂಗಳ ನಂತರ ಕಾರಿನ ನಂಬರು ಕೊಟ್ಟು ದೂರು ದಾಖಲಿಸಿದಾಗ, ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ತೋರಿಸುವುದೇ ಆ ಎರಡು ಪದಗಳನ್ನು. ದೂರು ತಡವಾದದ್ದಕ್ಕೆ ವಿವರಣೆ ಕೊಡಬಹುದು, ತಡವೊಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕಬಾರದೆಂದು 2011ರ ರವಿ ವಿರುದ್ಧ ಬದ್ರಿನಾರಾಯಣ್ ತೀರ್ಪೇ ಇದೆ. ಆದರೆ ನೀವೇ ಹೇಳಿ ಬರೆಸಿದ ಸುಳ್ಳಿಗೆ ವಿವರಣೆ ಕೊಡುವುದು ಬಹಳ ಕಷ್ಟ. ಆದ್ದರಿಂದ ಕ್ಯಾಶುವಾಲ್ಟಿಯಲ್ಲಿ ಆದದ್ದನ್ನು ಆದಂತೆಯೇ ಹೇಳಿ, ಎಂಎಲ್‌ಸಿ ಮಾಡಿಸಿ.

ಉಳಿದ ಕ್ರಮ ಕಷ್ಟದ್ದೇನಲ್ಲ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನಗಳನ್ನು ಪರಿಶೀಲಿಸಿದ ಮೋಟಾರು ವಾಹನ ನಿರೀಕ್ಷಕರ (ಐಎಂವಿ) ವರದಿ, ಗಾಯದ ವಿವರವಿರುವ ವೂಂಡ್ ಸರ್ಟಿಫಿಕೇಟು, ದೋಷಾರೋಪ ಪಟ್ಟಿ ಇವುಗಳ ಪ್ರತಿ ಪಡೆಯಿರಿ. ಅಪಘಾತವಾದ ಸ್ಥಳದಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ನೀವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೂ ನಿಮ್ಮ ಅರ್ಜಿ ಬೀಳುವುದಿಲ್ಲ, ಏಕೆಂದರೆ ಇಲ್ಲಿ ಬೇಕಾದ ಸಾಕ್ಷ್ಯದ ತೂಕ ಅಲ್ಲಿಗಿಂತ ಕಡಿಮೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ: ಡಾಕ್ಟರು ಬರೆಯುವ ಅಂಗವೈಕಲ್ಯದ ಶೇಕಡಾವಾರು. ಅದೇ ನಷ್ಟದ ಶೇಕಡಾವಾರು ಎಂದು ಎಷ್ಟೋ ಜನ ತಿಳಿದಿದ್ದಾರೆ. 2011ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಇದನ್ನು ಬಹಳ ಚೆನ್ನಾಗಿ ಬಿಡಿಸಿದೆ, ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವಿಸುವ ತೀರ್ಪು ಅದು. ಎಡಗೈ ಕಳೆದುಕೊಂಡ ಚಾಲಕನೋ ಬಡಗಿಯೋ ಆದರೆ ಗಳಿಕೆಯ ನಷ್ಟ ಹೆಚ್ಚು ಕಡಿಮೆ ಪೂರ್ತಿ, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತ ನೌಕರಿಯಲ್ಲಿ ಮುಂದುವರಿದರೆ ನಷ್ಟ ಅಷ್ಟಿಲ್ಲ. ಅಂಗಕ್ಕೆ ಆದ ಊನಕ್ಕಿಂತ ದುಡಿಮೆಗೆ ಆದ ಪೆಟ್ಟು ಎಷ್ಟು ಎಂಬುದೇ ಲೆಕ್ಕ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ದುಡಿಯುವ 32 ವರ್ಷದ ಗಾರೆ ಕೆಲಸದವನ ದುಡಿಮೆಯ ಶಕ್ತಿ ಶೇ. 20ರಷ್ಟು ಹೋಯಿತೆಂದು ನ್ಯಾಯಮಂಡಳಿ ಒಪ್ಪಿದರೆ, ವರ್ಷದ 1,80,000 ರೂಪಾಯಿಯನ್ನು ಅವನ ವಯಸ್ಸಿಗೆ ಕೋರ್ಟುಗಳು ನಿಗದಿ ಮಾಡಿರುವ ಗುಣಕವಾದ 16ರಿಂದ ಗುಣಿಸಿ, ಅದರ ಶೇ. 20, ಅಂದರೆ 5,76,000 ರೂಪಾಯಿ ಈ ಒಂದು ಬಾಬ್ತಿಗೇ ಬರುತ್ತದೆ. ಆಸ್ಪತ್ರೆಯ ಖರ್ಚು, ನೋವಿಗೆ ಕೊಡುವ ಪರಿಹಾರ, ಮಲಗಿದ್ದ ತಿಂಗಳುಗಳ ಕೂಲಿ ಇದರಲ್ಲಿ ಸೇರಿಲ್ಲ. ಆದ್ದರಿಂದ ನಿಮ್ಮ ಕೆಲಸ ಏನು, ಅದರಲ್ಲಿ ಏಣಿ ಹತ್ತಬೇಕೇ, ದಿನವಿಡೀ ನಿಲ್ಲಬೇಕೇ, ಭಾರ ಹೊರಬೇಕೇ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಸುಮ್ಮನೆ "ಕೂಲಿ" ಎಂದು ಬರೆಸಿ ಕೂರಬಾರದು.

ನಿಮ್ಮ ಕಾಲಿನೊಳಗಿನ ರಾಡನ್ನು ಮುಂದೆ ತೆಗೆಯಬೇಕಾಗಬಹುದು, ಅದಕ್ಕೆ ಇನ್ನೊಂದು ಆಪರೇಷನ್, ಇನ್ನೊಂದು ಬಿಲ್ಲು. ಲೋಕ ಅದಾಲತ್‌ನಲ್ಲಿ ರಾಜಿಯಾಗಲು ಮನಸ್ಸು ಮಾಡಿದರೆ, ಸಹಿ ಹಾಕುವ ಮೊದಲು ಆ ಖರ್ಚಿನ ಅಂದಾಜನ್ನು ಆಪರೇಷನ್ ಮಾಡಿದ ಡಾಕ್ಟರಿಂದ ಬರೆಸಿಕೊಂಡು ಮೊತ್ತದಲ್ಲಿ ಸೇರಿಸಿ. ಅದಾಲತ್‌ನ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.