ಕ್ಯಾಸಿ ಲೋಗನ್ ಕಲಿತ ಲೆಕ್ಕ: 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಓದುವವರಿಗೆ ಟಿಪ್ಪಣಿ

ಮಿಲ್ಡ್ರೆಡ್ ಡಿ. ಟೇಲರ್ ಬರೆದ ಈ ಕಾದಂಬರಿ 1976ರಲ್ಲಿ ಬಂತು. ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಮರುವರ್ಷ ಇದಕ್ಕೆ ಸಿಕ್ಕಿತು. ಕತೆ ನಡೆಯುವುದು ಮಿಸಿಸಿಪ್ಪಿಯ ಹಳ್ಳಿಗಾಡಿನಲ್ಲಿ, 1933ರ ಅಕ್ಟೋಬರಿನಿಂದ ಮುಂದಿನ ಬೇಸಿಗೆಯವರೆಗೆ. ಕತೆ ಹೇಳುವವಳು ಒಂಬತ್ತು ವರ್ಷದ ಕಪ್ಪು ಹುಡುಗಿ ಕ್ಯಾಸಿ ಲೋಗನ್. ಅಣ್ಣ ಸ್ಟೇಸಿಗೆ ಹನ್ನೆರಡು. ತಮ್ಮಂದಿರು ಕ್ರಿಸ್ಟೋಫರ್-ಜಾನ್ ಮತ್ತು ಲಿಟಲ್ ಮ್ಯಾನ್.

ಪರೀಕ್ಷೆಯಲ್ಲಿ ಈ ಪುಸ್ತಕದ ಬಗ್ಗೆ ಬರೆಯಲು ಕೂತರೆ ಎಲ್ಲರ ಪೆನ್ನಿನಿಂದ ಮೊದಲು ಬರುವ ಸಾಲು, "ಕ್ಯಾಸಿ ಮುಗ್ಧತೆಯಿಂದ ಅರಿವಿನ ಕಡೆಗೆ ಸಾಗುತ್ತಾಳೆ". ತಪ್ಪೇನಿಲ್ಲ. ಆದರೆ ಯಾವುದರ ಅರಿವು? ಬಿಳಿಯರು ತನ್ನವರನ್ನು ಕೀಳಾಗಿ ಕಾಣುತ್ತಾರೆ ಅನ್ನುವುದು ಅವಳಿಗೆ ಮೊದಲ ಅಧ್ಯಾಯದಲ್ಲೇ ಕಣ್ಣಿಗೆ ರಾಚುತ್ತದೆ. ಅಷ್ಟಕ್ಕೇ ಆಗಿದ್ದರೆ ಉಳಿದ ಪುಸ್ತಕ ಬೇಕಿರಲಿಲ್ಲ. ನನಗೆ ಅನ್ನಿಸುವುದು ಇಷ್ಟು: ಆ ಅವಮಾನದ ಹಿಂದೆ ಜಮೀನು, ಸಾಲ, ಅಂಗಡಿಯ ಉದ್ರಿ ಖಾತೆ, ಯಾರದೋ ಸಹಿ ಇವೆಲ್ಲ ಇವೆ ಅನ್ನುವುದನ್ನು ಅವಳು ಒಂದೊಂದಾಗಿ ಕಲಿಯುತ್ತಾಳೆ. ಹಾಗಾಗಿ ಓದುವಾಗ ದುಡ್ಡು ಮತ್ತು ಕಾಗದ ಬರುವ ಜಾಗಗಳಿಗೆಲ್ಲ ಗುರುತು ಹಾಕಿಕೊಳ್ಳಿ.

ಪುಸ್ತಕದ ಒಳರಟ್ಟು

ಮೊದಲ ಗುರುತು ಶಾಲೆಯಲ್ಲೇ. ಲಿಟಲ್ ಮ್ಯಾನ್‌ಗೆ ಆರು ವರ್ಷ, ಶಾಲೆಯ ಮೊದಲ ದಿನ. ಬಟ್ಟೆಯ ಮೇಲೆ ಧೂಳು ಬಿದ್ದರೂ ಸಹಿಸದ ಹುಡುಗ. ಅವನ ಕೈಗೆ ಬರುವುದು ಹರಿದ, ಕೊಳಕಾದ ಪುಸ್ತಕ. ಅದರ ಒಳರಟ್ಟಿನಲ್ಲಿ ಒಂದು ಪಟ್ಟಿ ಇದೆ: ಯಾವ ವರ್ಷ ಕೊಟ್ಟದ್ದು, ಪುಸ್ತಕ ಯಾವ ಸ್ಥಿತಿಯಲ್ಲಿದೆ, ಪಡೆದ ಮಗುವಿನ ಜನಾಂಗ ಯಾವುದು. ಮೊದಲ ಹನ್ನೊಂದು ಸಾಲುಗಳಲ್ಲಿ ಬಿಳಿಯ ಮಕ್ಕಳು. ಪುಸ್ತಕ 'ತೀರಾ ಕೆಟ್ಟದ್ದು' ಅನ್ನುವ ಹಂತಕ್ಕೆ ಬಂದ ಮೇಲೆ ಹನ್ನೆರಡನೆಯ ಸಾಲಿನಲ್ಲಿ ಕಪ್ಪು ಮಗುವಿನ ಸರದಿ. ಅಲ್ಲಿ ಬರೆದಿರುವುದೂ ಹೀಗಳೆಯುವ ಪದವೇ. ಲಿಟಲ್ ಮ್ಯಾನ್‌ಗೆ ಓದಲು ಬರುತ್ತದೆ. ಪುಸ್ತಕವನ್ನು ನೆಲಕ್ಕೆ ಎಸೆದು ತುಳಿಯುತ್ತಾನೆ. ಅವನ ಪರ ಮಾತಾಡಿದ ಕ್ಯಾಸಿಗೂ ಏಟು ಬೀಳುತ್ತದೆ. ಹೊಡೆದ ಟೀಚರ್ ಕೂಡ ಕಪ್ಪು ಹೆಂಗಸೇ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಆಕೆಗೆ ಪುಸ್ತಕ ಸಿಕ್ಕಿದ್ದೇ ಹೆಚ್ಚು.

ಮಕ್ಕಳ ಅಮ್ಮನೂ ಅದೇ ಶಾಲೆಯಲ್ಲಿ ಟೀಚರ್. ಅವಳು ತನ್ನ ತರಗತಿಯ ಪುಸ್ತಕಗಳಲ್ಲಿ ಆ ಪಟ್ಟಿಯ ಮೇಲೆ ಬಿಳಿ ಕಾಗದ ಅಂಟಿಸಿಬಿಡುತ್ತಾಳೆ. ಸಣ್ಣ ಕೆಲಸ ಅಲ್ವಾ? ಮುಂದೆ ಅವಳ ಕೆಲಸ ಹೋಗುವಾಗ ಈ ಕಾಗದವೂ ಒಂದು ನೆಪವಾಗುತ್ತದೆ. ಗುಲಾಮಗಿರಿಯ ಕ್ರೌರ್ಯವನ್ನು, ಪಠ್ಯದಲ್ಲಿ ಇಲ್ಲದ್ದನ್ನು ಪಾಠ ಮಾಡಿದಳು ಅನ್ನುವುದು ಇನ್ನೊಂದು.

ಹಿನ್ನೆಲೆ ಗೊತ್ತಿರಲಿ. 1896ರ ಪ್ಲೆಸಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಬೇರೆ ಬೇರೆ ಇದ್ದರೂ ಸಮಾನವಾಗಿದ್ದರೆ ಸಾಕು' ಅನ್ನುವ ತತ್ವವನ್ನು ಒಪ್ಪಿತ್ತು. ಶಾಲೆಗಳಲ್ಲಿ ಇದು ತಪ್ಪು ಎಂದು ಅದೇ ಕೋರ್ಟ್ ಹೇಳಿದ್ದು 1954ರಲ್ಲಿ, ಬ್ರೌನ್ ಪ್ರಕರಣದಲ್ಲಿ. ನಡುವಿನ ಆ 58 ವರ್ಷಗಳಲ್ಲಿ 'ಸಮಾನ' ಅನ್ನುವುದು ಹೇಗಿತ್ತು ಅನ್ನುವುದಕ್ಕೆ ಟೇಲರ್ ಭಾಷಣ ಬರೆಯುವುದಿಲ್ಲ, ಒಳರಟ್ಟಿನ ಪಟ್ಟಿ ತೋರಿಸುತ್ತಾರೆ. ಜೊತೆಗೆ ಒಂದು ಬಸ್ಸು. ಬಿಳಿಯ ಮಕ್ಕಳ ಶಾಲಾ ಬಸ್ಸು, ನಡೆದು ಹೋಗುವ ಲೋಗನ್ ಮಕ್ಕಳ ಮೇಲೆ ಬೇಕಂತಲೇ ಕೆಸರು ಹಾರಿಸುತ್ತದೆ. ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ರಸ್ತೆಗೆ ಅಡ್ಡ ಗುಂಡಿ ತೋಡುತ್ತಾರೆ. ಸಂಜೆ ಬಸ್ಸು ಅದರಲ್ಲಿ ಕೂತುಬಿಡುತ್ತದೆ. ಓದಲು ಮಜಾ ಇದೆ. ಆದರೆ ಅದೇ ರಾತ್ರಿ ಕುದುರೆ ಇಲ್ಲದ, ಕಾರುಗಳ ಸಾಲಿನಲ್ಲಿ ಬರುವ 'ರಾತ್ರಿ ಸವಾರರ', ಅಂದರೆ ರಾತ್ರಿ ಹೊತ್ತು ಕಪ್ಪು ಜನರ ಮೇಲೆ ದಾಳಿ ಮಾಡುವ ಬಿಳಿಯರ ಗುಂಪಿನ ಭಯ ಶುರುವಾಗುತ್ತದೆ. ತಮ್ಮ ತಂಟೆಗೇ ಅವರು ಬಂದಿದ್ದಾರೆ ಎಂದು ಮಕ್ಕಳು ನಡುಗುತ್ತಾರೆ.

ನಾನೂರು ಎಕರೆ

ಇದನ್ನು ಗಟ್ಟಿಯಾಗಿ ನೆನಪಿಡಿ. ಸುತ್ತಮುತ್ತಲಿನ ಕಪ್ಪು ಕುಟುಂಬಗಳು ಹೆಚ್ಚಿನವು ಬಿಳಿಯರ ಜಮೀನನ್ನು ಪಾಲಿಗೆ ಮಾಡುವವು. ಲೋಗನ್ ಕುಟುಂಬಕ್ಕೆ ಸ್ವಂತ ಜಮೀನಿದೆ. ಅಜ್ಜ ಪಾಲ್ ಎಡ್ವರ್ಡ್ 1887ರಲ್ಲಿ 200 ಎಕರೆ ಕೊಂಡ, 1918ರಲ್ಲಿ ಇನ್ನೊಂದು 200. ಮೊದಲನೆಯದರ ಸಾಲ ತೀರಿದೆ, ಎರಡನೆಯದು ಅಡಮಾನದಲ್ಲಿದೆ. ಒಂದು ಕಾಲಕ್ಕೆ ಅದೆಲ್ಲ ಗ್ರೇಂಜರ್ ಅನ್ನುವ ಬಿಳಿಯ ಮನೆತನದ ಆಸ್ತಿ. ಅಂತರ್ಯುದ್ಧ ಮುಗಿದ ಮೇಲೆ ತೆರಿಗೆ ಕಟ್ಟಲಾಗದೆ ಉತ್ತರದ ರಾಜ್ಯದವನೊಬ್ಬನಿಗೆ ಮಾರಿದ್ದು. ಈಗಿನ ಹಾರ್ಲನ್ ಗ್ರೇಂಜರ್‌ಗೆ ಅದು ಮರಳಿ ಬೇಕು.

ಕಂತು ಕಟ್ಟಬೇಕು, ಹತ್ತಿಯ ಬೆಲೆ ಬಿದ್ದುಹೋಗಿದೆ. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದದ್ದು 1931ರಲ್ಲಿ 6 ಸೆಂಟ್ ಆಸುಪಾಸಿಗೆ ಇಳಿದಿತ್ತು. ಅದಕ್ಕೇ ಅಪ್ಪ ಡೇವಿಡ್ ವರ್ಷದ ಬಹುಪಾಲು ಲೂಸಿಯಾನಾದಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಅಜ್ಜಿ 'ಬಿಗ್ ಮಾ' ತನ್ನ ಹೆಸರಿನ ಜಮೀನನ್ನು ವಕೀಲ ಜೇಮಿಸನ್ ಮೂಲಕ ತನ್ನ ಇಬ್ಬರು ಗಂಡುಮಕ್ಕಳ ಹೆಸರಿಗೆ ಬರೆಸುತ್ತಾಳೆ. ತಾನು ಸತ್ತ ಮೇಲೆ ಯಾರೂ ತಕರಾರು ತೆಗೆಯಬಾರದು ಎಂದು. ಈ ದೃಶ್ಯವನ್ನು ಹಾರಿಸಿ ಓದಬೇಡಿ. ಜಮೀನು ಕೈತಪ್ಪಲು ಬಂದೂಕೇ ಬೇಕಿಲ್ಲ, ಕಾಗದ ಸರಿ ಇಲ್ಲದಿದ್ದರೂ ಸಾಕು ಅನ್ನುವುದು ಆ ಮುದುಕಿಗೆ ಗೊತ್ತು.

ಉದ್ರಿ ಖಾತೆ

ಬಿಳಿಯರಾದ ವ್ಯಾಲೇಸ್ ಸೋದರರ ಅಂಗಡಿ ಇರುವುದು ಗ್ರೇಂಜರ್ ಜಮೀನಿನಲ್ಲೇ. ಪಾಲಿಗೆ ಮಾಡುವವರು ಅಲ್ಲೇ ಉದ್ರಿ ತರಬೇಕು, ಆ ಉದ್ರಿಗೆ ಜಾಮೀನು ಗ್ರೇಂಜರ್. ಬೆಳೆ ಬಂದಾಗ ಅವನ ಪಾಲು, ಅಂಗಡಿಯ ಬಾಕಿ, ಬಡ್ಡಿ ಎಲ್ಲ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಂದಿನ ವರ್ಷಕ್ಕೆ ಮತ್ತೆ ಉದ್ರಿ.

ಈ ವ್ಯಾಲೇಸ್‌ಗಳೇ ಬೆರ್ರಿ ಅನ್ನುವ ಕಪ್ಪು ಮನೆತನದ ಗಂಡಸರನ್ನು ಸುಟ್ಟವರು ಎಂದು ಊರಿಗೆಲ್ಲ ಗೊತ್ತು. ಕಾನೂನು ಕೈಕಟ್ಟಿ ಕೂತಿದೆ. ಆಗ ಅಮ್ಮ, ಅಪ್ಪ ಸೇರಿ ಜನರಿಗೆ ಬೇಕಾದ ಸಾಮಾನನ್ನು ವಿಕ್ಸ್‌ಬರ್ಗ್‌ನಿಂದ ತರಿಸಲು ಶುರುಮಾಡುತ್ತಾರೆ. ಉದ್ರಿಗೆ ಜಾಮೀನು ನಿಲ್ಲುವುದು ಬಿಳಿಯ ವಕೀಲ ಜೇಮಿಸನ್. ಗ್ರೇಂಜರ್ ಉತ್ತರವೂ ಲೆಕ್ಕದಲ್ಲೇ: ಬೆಳೆಯಲ್ಲಿ ತನ್ನ ಪಾಲು 50 ಅಲ್ಲ, ಇನ್ನು ಮುಂದೆ ನೂರಕ್ಕೆ 60. ಸಾಲ ತೀರಿಸದವರಿಗೆ ಸರಪಳಿ ಕಟ್ಟಿ ದುಡಿಸುವ ಜೈಲಿನ ಬೆದರಿಕೆ ಬೇರೆ. ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. ಅವರನ್ನು ಹೇಡಿಗಳು ಎಂದು ಬರೆಯಬೇಡಿ. ಸ್ವಂತ ಜಮೀನು ಇದ್ದವರು ತೋರಿಸುವ ಧೈರ್ಯ ಇಲ್ಲದವರಿಗೆ ಎಷ್ಟು ದುಬಾರಿ ಅನ್ನುವುದನ್ನು ಈ ಪುಸ್ತಕ ಚೆನ್ನಾಗಿ ಬಲ್ಲದು.

ಲೋಗನ್ ಮನೆಗೂ ಏಟು ಬೀಳುತ್ತದೆ. ಅಮ್ಮನ ಕೆಲಸ ಹೋಗುತ್ತದೆ, ಅಪ್ಪನ ಮೇಲೆ ದಾಳಿಯಾಗಿ ಕಾಲು ಮುರಿಯುತ್ತದೆ, ಕೊನೆಗೆ ಬ್ಯಾಂಕು ಉಳಿದ ಸಾಲವೆಲ್ಲ ಈಗಲೇ ಕಟ್ಟಿ ಅನ್ನುತ್ತದೆ. ಷಿಕಾಗೋದಲ್ಲಿರುವ ದೊಡ್ಡಪ್ಪ ಹ್ಯಾಮರ್ ತನ್ನ ಪ್ಯಾಕರ್ಡ್ ಕಾರು ಮಾರಿ ದುಡ್ಡು ತರುತ್ತಾನೆ. ಗ್ರೇಂಜರ್ ಬಳಿ ಇರುವಂಥದ್ದೇ ಕಾರು ಅದು. ಮೆರೆಯಲು ತಂದ ಕಾರನ್ನು ಜಮೀನಿಗಾಗಿ ಮಾರುವ ಈ ಭಾಗ ನನಗೆ ತುಂಬಾ ಇಷ್ಟ. ಲೇಖಕಿ ಅದನ್ನು ಎಳೆದಾಡಿಯೂ ಇಲ್ಲ.

ಸ್ಟ್ರಾಬೆರಿ ಪೇಟೆಯಲ್ಲಿ

ಸ್ಟ್ರಾಬೆರಿ ಅನ್ನುವುದು ಹತ್ತಿರದ ಪೇಟೆಯ ಹೆಸರು. ಅಲ್ಲಿಯ ಬಾರ್ನೆಟ್ ಅಂಗಡಿಯವನು ಬಿಳಿಯ ಗಿರಾಕಿ ಬಂದಾಗೆಲ್ಲ ಕ್ಯಾಸಿ ಮತ್ತು ಜೊತೆಗಿದ್ದವರನ್ನು ಕಾಯಿಸುತ್ತಾನೆ. ಕ್ಯಾಸಿ ಕೇಳುತ್ತಾಳೆ, ಹೊರಗೆ ಹಾಕಿಸಿಕೊಳ್ಳುತ್ತಾಳೆ. ಬೀದಿಯಲ್ಲಿ ಲಿಲಿಯನ್ ಜೀನ್ ಅನ್ನುವ ಬಿಳಿಯ ಹುಡುಗಿಗೆ ಡಿಕ್ಕಿಯಾದಾಗ ಅವಳ ಅಪ್ಪ ಕ್ಯಾಸಿಯ ತೋಳು ತಿರುಚಿ ರಸ್ತೆಗೆ ತಳ್ಳುತ್ತಾನೆ. ಕ್ಷಮೆ ಕೇಳು ಎಂದು ಹೇಳುವವಳು ಅವಳ ಸ್ವಂತ ಅಜ್ಜಿ. ಕ್ಯಾಸಿಗೆ ಅಜ್ಜಿಯ ಮೇಲೆ ಬರುವ ಸಿಟ್ಟು, ಆಮೇಲೆ ಅಜ್ಜಿ ತನ್ನನ್ನು ಉಳಿಸಿದಳು ಎಂದು ಅರ್ಥವಾಗುವುದು, ಇದು ಪ್ರಶ್ನೆಗೆ ಒದಗುವ ಒಳ್ಳೆಯ ಜಾಗ. ಕ್ಯಾಸಿ ಸೇಡು ತೀರಿಸಿಕೊಳ್ಳುವ ರೀತಿಯನ್ನೂ ನೋಡಿ. ವಾರಗಟ್ಟಲೆ ಲಿಲಿಯನ್ ಜೀನ್‌ಳ ಪುಸ್ತಕ ಹೊತ್ತು, ಅವಳ ಗುಟ್ಟುಗಳನ್ನೆಲ್ಲ ತಿಳಿದುಕೊಂಡು, ಆಮೇಲೆ ಕಾಡಿನಲ್ಲಿ ಹೊಡೆಯುತ್ತಾಳೆ. ಬಾಯಿ ಬಿಟ್ಟರೆ ಗುಟ್ಟು ಬಯಲು ಮಾಡುತ್ತೇನೆ ಅನ್ನುತ್ತಾಳೆ. ಯಾವ ಜಗಳ ಎಷ್ಟಕ್ಕೆ ಬೀಳುತ್ತದೆ ಎಂದು ಎಣಿಸಿ ಇಳಿಯುವುದನ್ನು ಈ ಹೊತ್ತಿಗೆ ಕಲಿತಿದ್ದಾಳೆ.

ಕೊನೆಯ ಬೆಂಕಿ

ಸ್ಟೇಸಿಯ ಗೆಳೆಯ ಟಿ. ಜೆ. ಏವರಿ ಬಿಳಿಯ ಸಿಮ್ಸ್ ಹುಡುಗರ ಜೊತೆ ಸೇರುತ್ತಾನೆ. ಬಾರ್ನೆಟ್ ಅಂಗಡಿಯ ಕಳ್ಳತನದಲ್ಲಿ ಅಂಗಡಿಯವನಿಗೆ ಹೊಡೆದದ್ದು ಅವರು, ತಪ್ಪು ಬೀಳುವುದು ಇವನ ತಲೆಗೆ. ಗುಂಪು ಅವನನ್ನು ನೇಣಿಗೆ ಹಾಕಲು ಬರುತ್ತದೆ. ಅಷ್ಟರಲ್ಲಿ ಲೋಗನ್ ಹತ್ತಿಹೊಲಕ್ಕೆ ಬೆಂಕಿ. ಅದು ಗ್ರೇಂಜರ್ ಕಾಡಿಗೂ ಹಬ್ಬುವ ಅಪಾಯ ಕಂಡ ಮೇಲೆ ಹೊಡೆಯಲು ಬಂದವರೇ ಬೆಂಕಿ ಆರಿಸಲು ನಿಲ್ಲುತ್ತಾರೆ. ಸಿಡಿಲು ಬಡಿಯಿತು ಎಂದು ಊರು ನಂಬುತ್ತದೆ. ಬೆಂಕಿ ಇಟ್ಟವನು ಅಪ್ಪ. ಆದರೆ ಅವನು ಇಟ್ಟದ್ದನ್ನು ಕ್ಯಾಸಿ ನೋಡಿಲ್ಲ, ನಾವೂ ನೋಡುವುದಿಲ್ಲ. ತಾನಾಗಿ ಲೆಕ್ಕ ಹಾಕಿ ತಿಳಿಯುತ್ತಾಳೆ, ಬಾಯಿ ಬಿಡುವುದಿಲ್ಲ. ಬೆಳೆಯ ಕಾಲು ಭಾಗ ಹೋಗಿದೆ. ಗ್ರೇಂಜರ್ ನಿಜವಾಗಿ ಯಾವುದಕ್ಕೆ ಹೆದರುತ್ತಾನೆ ಎಂದು ಅಪ್ಪ ಬಲ್ಲ: ಹುಡುಗನೊಬ್ಬ ಸಾಯುವುದಕ್ಕಲ್ಲ, ಮರ ಸುಡುವುದಕ್ಕೆ. "ಡೇವಿಡ್ ಲೋಗನ್ ಬೆಂಕಿ ಏಕೆ ಇಟ್ಟ?" ಎಂದು ಕೇಳಿದರೆ ಟಿ. ಜೆ. ಹೆಸರು ಮಾತ್ರ ಬರೆದು ನಿಲ್ಲಿಸಬೇಡಿ, ಗ್ರೇಂಜರ್‌ನ ಈ ಲೆಕ್ಕವನ್ನೂ ಸೇರಿಸಿ.

ಬಿಳಿಯ ಪಾತ್ರಗಳ ಬಗ್ಗೆ ಬರೆಯುವಾಗ ಜೇಮಿಸನ್ ಜೊತೆ ಸಿಮ್ಸ್ ಮನೆಯ ಹುಡುಗ ಜೆರೆಮಿಯನ್ನೂ ಇಡಿ. ದಿನಾ ಇವರ ಜೊತೆ ನಡೆಯಲು ಬರುತ್ತಾನೆ, ಕ್ರಿಸ್‌ಮಸ್‌ಗೆ ಸ್ಟೇಸಿಗೆ ಕೊಳಲು ತಂದುಕೊಡುತ್ತಾನೆ. ಅಪ್ಪ ಮಾತ್ರ ಆ ಸ್ನೇಹವನ್ನು ನಂಬಲು ಹಿಂಜರಿಯುತ್ತಾನೆ. ಅಪ್ಪನದು ಸರಿಯೋ ತಪ್ಪೋ ಎಂದು ಲೇಖಕಿ ತೀರ್ಪು ಕೊಡುವುದಿಲ್ಲ. ನೀವು ಯಾವ ಕಡೆ ನಿಂತರೂ ಕಾರಣ ಕೊಡಿ, ಅಂಕ ಅದಕ್ಕೇ.

ಟೇಲರ್ ಹುಟ್ಟಿದ್ದು 1943ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ, ಬೆಳೆದದ್ದು ಓಹಾಯೋದ ಟೊಲೀಡೊದಲ್ಲಿ. ಈ ಕತೆಗಳ ಬೇರು ಅಪ್ಪ ಹೇಳುತ್ತಿದ್ದ ಮನೆತನದ ಕತೆಗಳಲ್ಲಿದೆ. ಲೋಗನ್ ಕುಟುಂಬದ ಬಗ್ಗೆ ಬೇರೆ ಪುಸ್ತಕಗಳೂ ಇವೆ. ಒಂದೇ ಒಂದು ಓದಲು ಸಮಯ ಇದ್ದರೆ 2001ರ 'ದಿ ಲ್ಯಾಂಡ್' ಹಿಡಿಯಿರಿ. ಅದರ ಶುರುವಿನಲ್ಲಿ ಅಜ್ಜ ಪಾಲ್ ಎಡ್ವರ್ಡ್ ಇನ್ನೂ ಹುಡುಗ, ಜಮೀನು ಇನ್ನೂ ಬೇರೆಯವರದ್ದು.