ಮಗು ನಿಜ, ಖಾತೆ ಯಾರದ್ದು?

ದಾವಣಗೆರೆಯಲ್ಲಿ ಬಡಾವಣೆಗೊಂದು, ಓಣಿಗೊಂದು, ಎಸ್ಸೆಸ್ಸೆಲ್ಸಿ ಬ್ಯಾಚಿಗೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಯಾವುದನ್ನು ತೆರೆದರೂ ಶುಭೋದಯದ ಹೂವು, ಅಡಿಕೆ ಧಾರಣೆ, ನಾಳೆ ಕರೆಂಟ್ ಇರದ ಏರಿಯಾಗಳ ಪಟ್ಟಿ. ನಡುವೆ ಆಗಾಗ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ ಮಗುವಿನ ಫೋಟೊ. ಅದರ ಕೆಳಗೊಂದು ಕ್ಯೂಆರ್ ಕೋಡ್, ಕೋಡಿನ ಕೆಳಗೆ ಜಗಳ. ಒಬ್ಬರು ‘ಇದು ಫೇಕ್, ಡಿಲೀಟ್ ಮಾಡಿ’ ಎಂದರೆ ಇನ್ನೊಬ್ಬರು ‘ನೂರು ರೂಪಾಯಿ ಹೋದ್ರೆ ಹೋಗ್ಲಿ ಬಿಡ್ರಿ, ನಿಜ ಇದ್ರೆ ಒಂದು ಜೀವ ಉಳಿತೈತಲ್ಲ’ ಅನ್ನುತ್ತಾರೆ. ಅಡ್ಮಿನ್ ಕೈಮುಗಿದ ಇಮೋಜಿ ಹಾಕಿ ಸುಮ್ಮನಾಗುತ್ತಾರೆ.

ಈ ಊರಿನಲ್ಲಿ ಇಂಥ ಮನವಿಯನ್ನು ಜನ ನಂಬುವುದಕ್ಕೆ ಕಾರಣವಿದೆ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ದಾವಣಗೆರೆ ಬರೀ ಹತ್ತಿ ಗಿರಣಿಗಳ ಊರಾಗಿ ಉಳಿಯಲಿಲ್ಲ, ಸುತ್ತಲಿನ ಸೀಮೆಗೆಲ್ಲ ಆಸ್ಪತ್ರೆ ಊರಾಯಿತು. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ, ರಾಣೆಬೆನ್ನೂರು ಕಡೆಯವರೆಲ್ಲ ಇಲ್ಲಿಗೇ ಬರುತ್ತಾರೆ. ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು, ಮನೆಯಿಂದ ತಂದ ರೊಟ್ಟಿ ಗಂಟು ಬಿಚ್ಚಿ ಕುಳಿತವರನ್ನು ನೋಡದವರು ಇಲ್ಲಿ ಕಡಿಮೆ. ಹೊಲ ಒತ್ತೆ ಇಟ್ಟು ಮಗನ ಆಪರೇಷನ್ ಮಾಡಿಸಿದ ಕಥೆ ಎಲ್ಲರ ಬಳಗದಲ್ಲೂ ಒಂದು ಸಿಗುತ್ತದೆ. ಹಾಗಾಗಿ ಫೋಟೊ ಬಂದಾಗ ‘ಇರಬಹುದು’ ಅನ್ನಿಸುವುದು ದಡ್ಡತನವಲ್ಲ. ಎಷ್ಟೋ ಸಲ ಅದು ಇರುತ್ತದೆ ಕೂಡ.

ಕೇಳುವುದು, ಕೊಡುವುದು ಈ ಭಾಗಕ್ಕೆ ಹೊಸದೇನಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿಯ ನಾಯಕನಹಟ್ಟಿ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮಠಗಳ ದಾಸೋಹ, ಜಾತ್ರೆಯ ಅನ್ನ ಸಂತರ್ಪಣೆ, ಊರ ಗಣಪತಿಗೆ ಎತ್ತುವ ಪಟ್ಟಿ, ಇವೆಲ್ಲ ನಡೆದುಬಂದದ್ದು ಕೊಡುವವನಿಗೂ ಕೇಳುವವನಿಗೂ ಮುಖಪರಿಚಯ ಇದ್ದದ್ದರಿಂದ. ಆ ಪರಿಚಯ ಇಲ್ಲದೆ ದುಡ್ಡೆತ್ತುವ ವಿದ್ಯೆಯನ್ನು ನಾವು ಮೊದಲು ಕಂಡದ್ದು ಬಸ್ಸಿನಲ್ಲಿ. ಬಸ್ ನಿಲ್ದಾಣದಿಂದ ಹೊರಡುವ ಮೊದಲು ಒಬ್ಬ ಹತ್ತಿ, ಮಾತಾಡದೆ, ಪ್ರಯಾಣಿಕರ ತೊಡೆಯ ಮೇಲೆ ಅಚ್ಚುಹಾಕಿಸಿದ ಚೀಟಿ ಇಡುತ್ತಿದ್ದ. ‘ನಾನು ಹುಟ್ಟು ಮೂಗ, ಮನೆಯಲ್ಲಿ ವಯಸ್ಸಾದ ತಾಯಿ’ ಎಂದು ಅದರಲ್ಲಿರುತ್ತಿತ್ತು. ಎಲ್ಲರೂ ಓದುವಷ್ಟು ಹೊತ್ತು ಬಿಟ್ಟು, ಚೀಟಿ ವಾಪಸ್ ತೆಗೆದುಕೊಳ್ಳುತ್ತಾ ಚಿಲ್ಲರೆ ಇಸಿದುಕೊಂಡು ಇಳಿದುಹೋಗುತ್ತಿದ್ದ. ಚೀಟಿಗೆ ಎದುರು ಪ್ರಶ್ನೆ ಕೇಳಲು ಬರುವುದಿಲ್ಲ. ಕೇಳುವಷ್ಟರಲ್ಲಿ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿರುತ್ತಿದ್ದ. ಇವತ್ತಿನ ಫಾರ್ವರ್ಡ್ ಸಂದೇಶದ ಗುಟ್ಟೆಲ್ಲ ಆ ಚೀಟಿಯಲ್ಲೇ ಇತ್ತು.

ಹೊರಗಿನ ಜಗತ್ತಿನಲ್ಲಿ ಇದೇ ಹೊತ್ತಿಗೆ ಬೇರೆಯೇ ಒಂದು ಪಾಠ ನಡೆಯುತ್ತಿತ್ತು. 1989ರಲ್ಲಿ ಇಂಗ್ಲೆಂಡಿನ ಕ್ರೇಗ್ ಶೆರ್ಗೋಲ್ಡ್ ಎಂಬ ಹುಡುಗನ ಮಿದುಳಿನಲ್ಲಿ ಗೆಡ್ಡೆ ಕಾಣಿಸಿತು. ಅತಿ ಹೆಚ್ಚು ಶುಭಾಶಯ ಪತ್ರ ಪಡೆದ ಗಿನ್ನೆಸ್ ದಾಖಲೆ ಅವನ ಆಸೆ ಎಂದು ಮನವಿ ಹೊರಟಿತು. ಮರುವರ್ಷವೇ ದಾಖಲೆಯಾಯಿತು, 1991ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾಗಿ ಹುಡುಗ ಗುಣವೂ ಆದ. ಆದರೆ ಪತ್ರಗಳು ನಿಲ್ಲಲಿಲ್ಲ. ಸಾಕು, ಕಳಿಸಬೇಡಿ ಎಂದು ಮನೆಯವರು ಕೇಳಿಕೊಂಡರೂ ವರ್ಷಗಟ್ಟಲೆ ಮೂಟೆಮೂಟೆ ಬರುತ್ತಲೇ ಇದ್ದವು. ಅಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ನಿಜವಾದ ಮನವಿಯೊಂದು ತನ್ನ ಆಯಸ್ಸು ಮುಗಿದ ಮೇಲೂ ತಿರುಗುತ್ತಲೇ ಇತ್ತು, ಅಷ್ಟೆ. 1997ರ ಸುಮಾರಿಗೆ ಇ-ಮೇಲ್‌ನಲ್ಲಿ ಇದರ ಖೊಟ್ಟಿ ರೂಪ ಬಂತು: ಕ್ಯಾನ್ಸರ್ ಇರುವ ಬಾಲಕಿ, ನೀವು ಫಾರ್ವರ್ಡ್ ಮಾಡಿದ ಪ್ರತಿ ಸಲಕ್ಕೂ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಮೂರು ಸೆಂಟ್ ಕೊಡುತ್ತದೆ. ಹಾಗೇನೂ ಇಲ್ಲ ಎಂದು ಆ ಸಂಸ್ಥೆಯೇ ಹೇಳಬೇಕಾಯಿತು. ನಮ್ಮಲ್ಲಿ ಅದು ಎಸ್‌ಎಂಎಸ್ ಆಗಿ, ಆಮೇಲೆ ಫೇಸ್‌ಬುಕ್‌ನಲ್ಲಿ ‘ಒಂದು ಲೈಕ್‌ಗೆ ಒಂದು ರೂಪಾಯಿ’ ಆಗಿ ಬಂತು. ಇದರಿಂದ ಯಾರ ಜೇಬಿಗೂ ಕತ್ತರಿ ಬೀಳಲಿಲ್ಲ. ಆದರೆ ಒತ್ತಿದರೆ ಸಾಕು, ಪುಣ್ಯ ಬಂತು ಎನ್ನುವ ಅಭ್ಯಾಸ ಬೆರಳಿಗೆ ಅಂಟಿತು.

ಎಲ್ಲ ಬದಲಾದದ್ದು 2016ರಲ್ಲಿ. ಏಪ್ರಿಲ್‌ನಲ್ಲಿ ಯುಪಿಐ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೋ, ನವೆಂಬರ್ 8ಕ್ಕೆ ನೋಟು ರದ್ದು. ಅಲ್ಲಿಯವರೆಗೆ ಅಪರಿಚಿತರಿಗೆ ಸಹಾಯ ಮಾಡಬೇಕೆಂದರೆ ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಸರತಿಯಲ್ಲಿ ನಿಲ್ಲಬೇಕಿತ್ತು. ಆ ಸರತಿಯಲ್ಲಿ ನಿಂತಾಗಲೇ ‘ಅಲ್ಲ, ಇದು ಯಾರ ಅಕೌಂಟು?’ ಎಂಬ ಯೋಚನೆ ಬರುತ್ತಿತ್ತು. ಸಂದೇಶ ಬಂದ ಫೋನಿನಿಂದಲೇ ಮರುಕ್ಷಣ ದುಡ್ಡು ಹೋಗುವಂತಾದಾಗ ಆ ಯೋಚನೆಗೆ ಸಿಗುತ್ತಿದ್ದ ಸಮಯವೇ ಹೋಯಿತು.

ಆ ವರ್ಷ ಎಲ್ಲ ಗ್ರೂಪ್‌ಗಳಲ್ಲೂ ತಿರುಗಿದ ಒಂದು ಸಂದೇಶ ಬಹಳ ಜನರಿಗೆ ನೆನಪಿರಬಹುದು. ಸೇನೆಯ ಆಧುನೀಕರಣಕ್ಕೆ ಕೇಂದ್ರ ಸರ್ಕಾರ ಸಿಂಡಿಕೇಟ್ ಬ್ಯಾಂಕಿನಲ್ಲಿ ಖಾತೆ ತೆರೆದಿದೆ, ದಿನಕ್ಕೆ ಒಂದು ರೂಪಾಯಿ ಹಾಕಿದರೆ ಸಾಕು, ದೇಶ ಸೂಪರ್ ಪವರ್ ಆಗುತ್ತದೆ ಎಂದು ಅದರಲ್ಲಿತ್ತು. ಇದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ, ಏಕೆಂದರೆ ಖಾತೆ ನಿಜವಾಗಿಯೂ ಇತ್ತು. ಹುತಾತ್ಮ ಯೋಧರ ಕುಟುಂಬಗಳ ನೆರವಿಗಿದ್ದ ಸೇನಾ ಕಲ್ಯಾಣ ನಿಧಿಯ ಖಾತೆ ಅದು. ಆಯುಧ ಖರೀದಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ಸರ್ಕಾರ ಸ್ಪಷ್ಟನೆ ಕೊಟ್ಟಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಸಂದೇಶ ಮಾತ್ರ ಆಮೇಲೂ ಹಳೇ ಬ್ಯಾಂಕಿನ ಹೆಸರಿನಲ್ಲೇ ಓಡಾಡಿತು! ಕಳಿಸಿದವರಲ್ಲಿ ಯಾರೂ ಬ್ಯಾಂಕಿನ ಹೆಸರು ಓದಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಾಟ್ಸ್‌ಆ್ಯಪ್‌ನವರು ಲಗಾಮು ಹಾಕಿದ್ದು ದೇಣಿಗೆ ಮೋಸ ನೋಡಿ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿ ಸೇರಿದಂತೆ ದೇಶದ ಹಲವೆಡೆ ಅಮಾಯಕರ ಜೀವ ಹೋದ ಹೊತ್ತಿನಲ್ಲೇ, ಆ ಜುಲೈನಲ್ಲಿ ‘ಫಾರ್ವರ್ಡೆಡ್’ ಎಂಬ ಗುರುತು ಕಾಣಿಸಿತು, ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಕಳಿಸುವ ಮಿತಿ ಬಂತು. ಆಮೇಲೆ ಹಲವು ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಬಂತು. 2020ರ ಏಪ್ರಿಲ್‌ನಿಂದ ಆ ಗುರುತಿರುವ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ‘ನಾಳೆ ಆಪರೇಷನ್’ ಎನ್ನುವ ಸಂದೇಶದ ತಲೆಯ ಮೇಲೆ ಎರಡು ಬಾಣ ಕಂಡರೆ, ಆ ‘ನಾಳೆ’ ಯಾವತ್ತೋ ಕಳೆದುಹೋಗಿರುವ ಸಾಧ್ಯತೆಯೇ ಹೆಚ್ಚು.

ಕೊರೊನಾ ಬಂದಾಗ ಈ ಎಲ್ಲವೂ ಒಟ್ಟಿಗೆ ಸ್ಫೋಟಿಸಿತು. 2020ರ ಮಾರ್ಚ್ 28ಕ್ಕೆ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಿಗೇ ಅದರ ಯುಪಿಐ ಐಡಿಯಲ್ಲಿ ‘ಕೇರ್ಸ್’ ಇದ್ದಲ್ಲಿ ‘ಕೇರ್’ ಮಾಡಿ, ಒಂದೇ ಒಂದು ‘ಎಸ್’ ಅಕ್ಷರ ಕದ್ದ ನಕಲಿ ಐಡಿ ಹುಟ್ಟಿತು. ದೆಹಲಿ ಪೊಲೀಸರು ಪತ್ತೆ ಹಚ್ಚಿದರು, ಬ್ಯಾಂಕು ಅದನ್ನು ಬಂದ್ ಮಾಡಿತು. ಒಂದು ವರ್ಷ ಕಳೆದು ಎರಡನೇ ಅಲೆ ಬಂದಾಗಿನ ಪರಿಸ್ಥಿತಿ ಬೇರೆ. ಆಗ ಜನ ಕೇಳುತ್ತಿದ್ದದ್ದು ಬೆಡ್ಡು, ಆಕ್ಸಿಜನ್ ಸಿಲಿಂಡರ್, ರೆಮ್‌ಡಿಸಿವಿರ್. ಗ್ರೂಪ್‌ಗಳಲ್ಲಿ ಬಂದ ಹತ್ತು ನಂಬರಿಗೆ ಫೋನ್ ಮಾಡಿದರೆ ಕೆಲವು ಸ್ವಿಚ್ ಆಫ್, ಕೆಲವರದ್ದು ‘ಖಾಲಿ ಆಗಿದೆ ಸರ್’, ಒಬ್ಬ ಮಾತ್ರ ಬಹಳ ಮರ್ಯಾದೆಯಿಂದ ‘ಅಡ್ವಾನ್ಸ್ ಹಾಕಿ, ಮನೆಗೇ ಕಳಿಸ್ತೀವಿ’ ಅನ್ನುತ್ತಿದ್ದ. ಆ ಮರ್ಯಾದಸ್ಥನಿಗೇ ಜನ ದುಡ್ಡು ಹಾಕಿದ್ದು. ಇದನ್ನು ಕಂಡೇ ಸ್ವಯಂಸೇವಕ ಹುಡುಗರು ತಾವೇ ಕರೆ ಮಾಡಿ ನೋಡಿ, ಸಂದೇಶದ ಕೊನೆಗೆ ‘ವೆರಿಫೈಡ್, ಸಂಜೆ 4.10’ ಎಂದು ಬರೆಯತೊಡಗಿದರು. ಮನವಿಗೆ ತಾರೀಖು, ಗಂಟೆ ಬೇಕು ಎಂಬ ಸರಳ ಶಿಸ್ತನ್ನು ಯಾವ ಇಲಾಖೆಯೂ ಕಲಿಸಲಿಲ್ಲ, ಕಾಲೇಜು ಹುಡುಗರು ಕಲಿಸಿದರು. ಆ ಶಿಸ್ತು ಕೊರೊನಾ ಜೊತೆಗೇ ಹೋಗಿಬಿಟ್ಟದ್ದು ಬೇಸರದ ಸಂಗತಿ.

ರಕ್ತ ಬೇಕು ಎನ್ನುವ ಸಂದೇಶಗಳಿಗೆ ಇವತ್ತಿಗೂ ಅದೇ ಗತಿ. ‘ಅರ್ಜೆಂಟ್ ಓ ನೆಗೆಟಿವ್’ ಎಂಬ ಕರೆಗೆ ತಾರೀಖಿಲ್ಲ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಮನೆಯವರ ಫೋನು ರಾತ್ರಿ ಹನ್ನೆರಡಕ್ಕೆ ಹೊಡೆದುಕೊಳ್ಳುತ್ತಿರುತ್ತದೆ. ಇಂಥ ಕರೆ ನಂಬಿ ಬೇರೆ ಊರಿಂದ ಬೈಕ್ ಏರಿ ಬಂದ ದಾನಿ ಸುಮ್ಮನೆ ವಾಪಸ್ ಹೋದರೆ ಮುಂದಿನ ನಿಜವಾದ ಕರೆಗೆ ಬರುವುದು ಕಷ್ಟ.

ಇನ್ನು ಮಗುವಿನ ಫೋಟೊಗೆ ಬರೋಣ. ಅದರ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಯಾರೂ ಸುಮ್ಮನೆ ಮುಂದೆ ಹೋಗಬೇಡಿ. ಈ ಕಂದಮ್ಮನ ಹೃದಯದಲ್ಲಿ ರಂಧ್ರ. ತಂದೆ ಕೂಲಿ. ನಾಳೆಯೇ ಆಪರೇಷನ್, 8 ಲಕ್ಷ ಬೇಕು. ಕೈಲಾದಷ್ಟು ಹಾಕಿ, ಆಗದಿದ್ದರೆ ಹತ್ತು ಗ್ರೂಪ್‌ಗೆ ಕಳಿಸಿ.’ ಊರು ಯಾವುದು, ಡಾಕ್ಟರ್ ಯಾರು, ದಾಖಲಾತಿ ನಂಬರ್ ಏನು ಎಂಬುದೇ ಇಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮಕ್ಕಳ ಹುಟ್ಟು ಹೃದಯದೋಷಕ್ಕೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ನೆರವು ಇದೆ. ಕೂಲಿಯವರ ಮಗುವಿಗೆ ಇದ್ಯಾವುದೂ ಏಕೆ ಸಿಗಲಿಲ್ಲ? ಕಾರ್ಡ್ ಇಲ್ಲದಿರಬಹುದು, ಆಸ್ಪತ್ರೆ ಯೋಜನೆಯಲ್ಲಿ ಇಲ್ಲದಿರಬಹುದು. ನಿಜವಾದ ಮನೆಯವರ ಬಳಿ ಇದಕ್ಕೆ ಉದ್ದನೆಯ, ಸಂಕಟದ ಉತ್ತರವಿರುತ್ತದೆ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಕೌಂಟರಿಗೆ ಎಷ್ಟು ಸಲ ಅಲೆದೆವು ಎಂಬುದನ್ನು ಅವರು ಹೇಳಿ ಮುಗಿಸುವುದಿಲ್ಲ. ಮೋಸದವನು ಈ ಪ್ರಶ್ನೆ ಕೇಳಿದ ಕೂಡಲೇ ಬ್ಲಾಕ್ ಮಾಡುತ್ತಾನೆ.

ಯೋಜನೆಗಳ ಅಳತೆ ಮೀರುವ ಕಾಯಿಲೆಗಳೂ ಇವೆ. ಬೆನ್ನುಹುರಿಯ ನರ ಕ್ಷೀಣಿಸುವ ಎಸ್‌ಎಂಎ ಕಾಯಿಲೆಗೆ ಕೊಡುವ ಝೋಲ್‌ಜೆನ್‌ಸ್ಮಾ ಚುಚ್ಚುಮದ್ದಿನ ಬೆಲೆ ಸುಮಾರು 16 ಕೋಟಿ ಎಂದು ದೇಶಕ್ಕೆಲ್ಲ ತಿಳಿದದ್ದು 2021ರ ಹೊತ್ತಿಗೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸಿಗುವ ನೆರವಿನ ಮಿತಿ 50 ಲಕ್ಷ. ಈ ಎರಡು ಅಂಕಿಗಳ ನಡುವಿನ ಕಂದಕವನ್ನು ತುಂಬಲು ಉಳಿದ ದಾರಿ ಸಾರ್ವಜನಿಕರ ಜೇಬು. ಆನ್‌ಲೈನ್ ಧನಸಂಗ್ರಹ ವೇದಿಕೆಗಳು ಬೆಳೆದದ್ದು ಅಲ್ಲೇ. ಅವು ದಾಖಲೆ ನೋಡುತ್ತವೆ, ಕೆಲಸವನ್ನೂ ಮಾಡಿವೆ. ಆದರೆ ಅಳುವ ತಾಯಿಯ ವಿಡಿಯೊ ಜಾಹೀರಾತಾಗಿ ಕಣ್ಣೆದುರು ಪದೇ ಪದೇ ಬಂದಾಗ, ಯಾರ ಅಳು ಹೆಚ್ಚು ಚೆನ್ನಾಗಿ ಕ್ಯಾಮೆರಾದಲ್ಲಿ ಕಾಣುತ್ತದೋ ಅವರಿಗೆ ಹೆಚ್ಚು ದುಡ್ಡು ಎಂಬಂತಾಗಿದೆ. ನಕಲಿ ಮಾಡುವವರಿಗೆ ಕಚ್ಚಾ ಮಾಲು ಸಿಗುವುದೂ ಅಲ್ಲಿಂದಲೇ. ಅಸಲಿ ಪುಟದ ಸ್ಕ್ರೀನ್‌ಶಾಟ್ ತೆಗೆದು, ಅಡಿಭಾಗ ಕತ್ತರಿಸಿ, ತಮ್ಮ ಕ್ಯೂಆರ್ ಕೋಡ್ ಅಂಟಿಸಿದರೆ ಕೆಲಸ ಮುಗಿಯಿತು. ಫೋಟೊ, ಕಾಯಿಲೆ, ಆಸ್ಪತ್ರೆ ಚೀಟಿ ಎಲ್ಲ ನಿಜ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೂ ‘ಹೌದು, ಇಂಥ ಮಗು ಇದೆ’ ಎಂದೇ ಬರುತ್ತದೆ. ಫೋಟೊ ಪರೀಕ್ಷೆಯಲ್ಲಿ ಪಾಸಾದ ಮನವಿಯೇ ಅಪಾಯದ್ದಾಗುವುದು ಹೀಗೆ.

ಆದ್ದರಿಂದ ನೋಡಬೇಕಾದ ಜಾಗ ಒಂದೇ. ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತುವ ಮೊದಲು ತೆರೆಯ ಮೇಲೆ ಬರುವ ಹೆಸರು. 2025ರ ಮಧ್ಯಭಾಗದಿಂದ ಯುಪಿಐ ಆ್ಯಪ್‌ಗಳು ಅಲ್ಲಿ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರನ್ನೇ ತೋರಿಸಬೇಕು, ಬಳಕೆದಾರ ಇಟ್ಟುಕೊಂಡ ಅಡ್ಡಹೆಸರನ್ನಲ್ಲ. ಹರಿಹರದ ಮಗುವಿನ ಅಪ್ಪನಿಗೆ ಎಂದು ಹೇಳಿ, ಸಂಬಂಧವೇ ಇಲ್ಲದ ಯಾರದೋ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಸಿಮ್ ಬಾಡಿಗೆಗೆ ಕೊಟ್ಟವರ ಖಾತೆಗಳಿಗೇ ಇಂಥ ದುಡ್ಡು ಮೊದಲು ಬೀಳುವುದು. ಇನ್ನೊಂದು ಗುರುತು, ಜನ 80ಜಿ ಎಂದು ಕರೆಯುವ, ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ. ‘ತೆರಿಗೆ ವಿನಾಯಿತಿ ಉಂಟು’ ಎಂದು ಬರೆದು ವ್ಯಕ್ತಿಯ ಖಾತೆ ಕೊಟ್ಟಿದ್ದರೆ ಅದು ಸುಳ್ಳೇ. ಆ ವಿನಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ. 2021-22ರಿಂದಂತೂ ಬರೀ ರಸೀದಿ ಸಾಲದೆ, ಸಂಸ್ಥೆ ವಿವರ ಸಲ್ಲಿಸಿ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು.

ಪರಿಚಯದವರ ಫೋಟೊ ಹಾಕಿ ತೆರೆದ ನಕಲಿ ಫೇಸ್‌ಬುಕ್ ಖಾತೆಯಿಂದ ‘ಫ್ರೆಂಡ್ ಮಗು ಐಸಿಯುನಲ್ಲಿದೆ, ಅರ್ಜೆಂಟ್ 10 ಸಾವಿರ’ ಎಂದು ಬಂದರೆ ಒಂದು ಫೋನ್ ಕರೆಗೆ ಬಣ್ಣ ಬಯಲು. ಎಐ ತಯಾರಿಸಿದ ಚಿತ್ರಗಳ ಕಾಟವೂ ಶುರುವಾಗಿದೆ. ಅಲ್ಲೂ ದುಡ್ಡು ಸೇರುವ ಜಾಗ ನಿಜವಾದ ಖಾತೆಯೇ, ಆದ್ದರಿಂದ ಹೆಸರಿನ ಪರೀಕ್ಷೆ ಅದಕ್ಕೂ ನಡೆಯುತ್ತದೆ.

ರೋಗಿಯ ದಾಖಲಾತಿ ನಂಬರ್ ಕೇಳಿಕೊಂಡು ನೇರ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೇ ಕಟ್ಟುವುದು ಒಳ್ಳೆಯ ದಾರಿ. ದಾವಣಗೆರೆಯಂಥ ಊರಿನಲ್ಲಿ ಅದು ಒಂದು ಆಟೊ ಚಾರ್ಜಿನ ದೂರ. ಆದರೆ ‘ಆಸ್ಪತ್ರೆಗೆ ಬೇಡ, ನಮ್ಮ ಕೈಗೇ ಕೊಡಿ’ ಎಂದ ಮಾತ್ರಕ್ಕೆ ಮನೆಯವರನ್ನು ಕಳ್ಳರೆನ್ನುವುದು ಅನ್ಯಾಯ. ಹೊರಗಿನಿಂದ ತರುವ ಔಷಧಿ, ರೂಮ್ ಬಾಡಿಗೆ, ಜೊತೆಗಿದ್ದವರ ಊಟ, ಬಿಟ್ಟುಬಂದ ಕೂಲಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಅಂಥವರನ್ನು ವಾರ್ಡಿಗೆ ಹೋಗಿ ಕಂಡು ಕೊಟ್ಟು ಬರಬಹುದು.

ದುಡ್ಡು ಹೋಗಿಯೇಬಿಟ್ಟಿದ್ದರೆ 1930ಕ್ಕೆ ಕರೆ ಮಾಡಬೇಕು. 2021ರಲ್ಲಿ 155260 ಆಗಿ ಶುರುವಾದ ಸೈಬರ್ ವಂಚನೆಯ ಸಹಾಯವಾಣಿ ಇದು. ದೂರು ದಾಖಲಾದ ಕೂಡಲೇ ಹಣ ಎಲ್ಲಿಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯಲಾಗುತ್ತದೆ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ನೂರು ರೂಪಾಯಿಗೆ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ ಎಂದು ಎಲ್ಲರೂ ಸುಮ್ಮನಿರುವುದರಿಂದಲೇ, ಹಾಗೆ ನೂರು ನೂರು ಸೇರಿದ ಖಾತೆಗಳ ಮೇಲೆ ದೂರುಗಳೇ ಇರುವುದಿಲ್ಲ.